ನೀರು ಎಲ್ಲಿತನ ಬರ್ತೈತಿ?

ತಾಲೂಕು ಬೋರ್ಡಿಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆ ಕಟ್ಟೆಗೆ ಬಂದು ಕೂಡುತ್ತಾರೆ. ಅವರ ದೂರು ಒಂದೇ. ಜನ ಬಂದು ತಲೆ ತಿನ್ನುತ್ತಾರೆ, ನಮ್ಮ ರಸ್ತೆ ಏನಾಯ್ತು, ನಮ್ಮ ಸಾಲಿ ಏನಾಯ್ತು ಎಂದು ಅದನ್ನೇ ಅದನ್ನೇ ಕೇಳುತ್ತಾರೆ, ಕೆಲಸ ಮಾಡಗೊಡುವುದಿಲ್ಲ. ನಾನು ಅವರಿಗೆ ಚಹಾ ತರಿಸಿ, "ತಮ್ಮಾ, ಅದೇ ಕೆಲಸ" ಅನ್ನುತ್ತೇನೆ. ಅವರು ನಗುತ್ತಾರೆ. ಯಾಕೆ ಹಾಗೆ ಹೇಳುತ್ತೇನೆ ಎಂಬುದನ್ನು ಒಮ್ಮೆ ಕೂತು ಬರೆಯಬೇಕು ಅನ್ನಿಸಿತು.

ನಾನು ಕೆಲಸಕ್ಕೆ ಸೇರಿದ್ದು ನಿಜಾಮರ ಕಾಲದಲ್ಲಿ, ಯಲಬುರ್ಗಾದಲ್ಲಿ. ಆಗ ಲೋಕಲ್ ಫಂಡ್ ಕಮಿಟಿ ಎಂದು ಇತ್ತು. ಊರಿನ ಬಾವಿ, ರಸ್ತೆ, ಸಂತೆಕಟ್ಟೆ, ದೀಪದ ಕಂಬ, ಬೀಡಾಡಿ ದನ ಕೂಡಿಹಾಕುವ ಕೊಂಡವಾಡ ಇವೆಲ್ಲ ಅದರ ಕೈಯಲ್ಲಿ. ನಾನು ಅಲ್ಲಿ ನಕಲು ಗುಮಾಸ್ತ. ಕಮಿಟಿ ಏನು ತೀರ್ಮಾನ ಮಾಡಿದೆ ಎಂದು ಯಾರಾದರೂ ಅರ್ಜಿ ಕೊಟ್ಟು ಕೇಳಿದರೆ ಅದರ ನಕಲು ಬರೆದು, ಮೊಹರು ಹಾಕಿಸಿ ಕೊಡುವುದು ನನ್ನ ಪಾಲಿನದು. ಅರ್ಜಿ ಉರ್ದುವಿನಲ್ಲಿ ಇರಬೇಕು, ನಕಲೂ ಉರ್ದುವಿನಲ್ಲೇ. ಕೇಳುವವರಿಗೆ ಉರ್ದು ಬಾರದು. ಬಂದವರು ಕಚೇರಿ ಮುಂದೆ ಕೂತ ಅರ್ಜಿ ಬರೆಯುವವನ ಹತ್ತಿರ ತಮ್ಮ ಸಂಕಟ ಕನ್ನಡದಲ್ಲಿ ಹೇಳುವರು. ಅವನು ಅದನ್ನು ಉರ್ದು ಮಾಡಿ ಒಳಗೆ ಕಳಿಸುವನು. ನಾವು ಒಳಗಿನಿಂದ ಉರ್ದುವಿನಲ್ಲಿ ಉತ್ತರ ಹೊರಗೆ ಕಳಿಸುವೆವು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಹಾಗೆಂದೇ ನಾನು ನಂಬಿದ್ದೆ, ಅಲ್ಲೇ ಹತ್ತಿರದ ಮಂಗಳೂರು ಎಂಬ ಹಳ್ಳಿಯ ಕುಂಬಾರ ಈರಪ್ಪ ಬರುವ ತನಕ.

ಅವನ ಎಮ್ಮೆ ತಪ್ಪಿಸಿಕೊಂಡು ಯಾರದೋ ಹೊಲ ಹೊಕ್ಕು ಕೊಂಡವಾಡ ಸೇರಿತ್ತು. ಅವನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಲಿಲಾವು, ಅಂದರೆ ಹರಾಜು, ಆಗಿಹೋಗಿತ್ತು. ಯಾರೋ ಹೇಳಿದರೆಂದು ಅರ್ಜಿ ಕೊಟ್ಟು, ಲಿಲಾವಿನ ದಾಖಲೆಯ ನಕಲು ಇಸಿದುಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು ನಮಸ್ಕಾರ ಮಾಡಿ ಹೋದ. ಮುಂದೆ ಸುಗ್ಗಿ ಮುಗಿದ ಮೇಲೆ ಮತ್ತೆ ಬಂದ. ಕಾಗದ ಬಟ್ಟೆಯಲ್ಲಿ ಸುತ್ತಿತ್ತು, ಮೇಲೆ ವಿಭೂತಿ ಹಚ್ಚಿತ್ತು.

"ಸಾಹೇಬ್ರ, ಕಾಗದ ಜಗಲಿ ಮ್ಯಾಲ ಇಟ್ಟು ದಿನಾ ಪೂಜಿ ಮಾಡೀನಿ. ಎಮ್ಮಿ ಇನ್ನಾ ಬಂದಿಲ್ರಿ" ಅಂದ.

ಒಳಗಿದ್ದವರೆಲ್ಲ ನಕ್ಕರು. ಅವನೂ ಯಾಕೆಂದು ತಿಳಿಯದೆ ಅವರ ಜೊತೆ ನಕ್ಕ. ನನಗೆ ನಗಲಾಗಲಿಲ್ಲ. ಅವನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ, ಕಾಗದ ಬಿಚ್ಚಿ, ಸಾಲಿಗೆ ಸಾಲು ಕನ್ನಡದಲ್ಲಿ ಹೇಳಿದೆ. ಲಿಲಾವಿನಲ್ಲಿ ಎಮ್ಮೆ ಹಿಡಿದವನ ಹೆಸರು, ಊರು ಬಂದೊಡನೆ ಎದ್ದು ನಿಂತ.

"ಅವನಾ? ಅವ ನಮ್ಮ ಬೀಗರ ಓಣ್ಯಾಗಿನಾವ! ಇಷ್ಟ ದಿನ ಎಮ್ಮಿ ನಮ್ಮ ಬೀಗರ ಮನಿ ಮುಂದ ಹಾದ್ಹೋಗಾಕತ್ತಿತ್ತೇನು?"

ಅಲ್ಲಿಂದಲೇ ನಡೆದು ಹೋದ. ಬೀಗರನ್ನು ನಡುವೆ ಹಾಕಿಕೊಂಡು, ಕೈ ಮುಗಿದೋ ಜಗಳ ಆಡಿಯೋ ಎಮ್ಮೆ ಬಿಡಿಸಿಕೊಂಡ. ಮುಂದಿನ ಸಂತೆಗೆ ಬಂದಾಗ ನಮ್ಮ ಮನೆಗೆ ನೀರಿನ ಒಂದು ದೊಡ್ಡ ಹರವಿ ತಂದಿಟ್ಟ. ಬೇಡವೆಂದರೆ ಕೇಳಲಿಲ್ಲ.

ಅಂದಿನಿಂದ ನಕಲು ಕೊಡುವ ಮುಂಚೆ ಓದಿ ಹೇಳುವುದು ನನ್ನ ರೂಢಿಯಾಯಿತು. ಆಗಿನ ನನ್ನ ಮೇಲಧಿಕಾರಿಗೆ ಇದು ಸರಿಬರಲಿಲ್ಲ. "ಬರಿಯೋದು ನಿನ್ನ ನೌಕರಿ. ಓದಿ ಹೇಳಾಕ ನಿನಗ್ಯಾರು ಹೇಳ್ಯಾರ?" ಎಂದು ಗದರಿದರು. ಕಚೇರಿಯೊಳಗೆ ಓದುವುದು ಬಿಟ್ಟೆ, ಬೇವಿನ ಗಿಡದ ಕೆಳಗೆ ಓದತೊಡಗಿದೆ. ಅವರು ಕಿಟಕಿಯಿಂದ ನೋಡಿ ಸುಮ್ಮನಾದರು. ಕೆಟ್ಟ ಮನುಷ್ಯರಲ್ಲ.

ಕನ್ನಡದಲ್ಲಿ ಹೇಳಿದರೆ ಸಾಕು ಎಂದುಕೊಂಡವನಿಗೆ ಗಂಗಾವತಿ ಕಡೆ ಇದ್ದಾಗ ಇನ್ನೊಂದು ಪಾಠವಾಯಿತು. ಅಲ್ಲಿ ನನ್ನ ಜೊತೆಗೆ ಬಸಲಿಂಗಪ್ಪ ಎಂಬ ಹೊಸ ಗುಮಾಸ್ತ ಇದ್ದ. ಚುರುಕು ಹುಡುಗ, ಅಕ್ಷರ ಮುತ್ತಿನಂತೆ. ನನ್ನನ್ನು ನೋಡಿ ಅವನೂ ಜನರಿಗೆ ಕನ್ನಡದಲ್ಲಿ ಬರೆದು ಕಳಿಸಲು ಮೊದಲು ಮಾಡಿದ. ಹುಲಿಹೈದರದಲ್ಲಿ ಹೂಳು ತುಂಬಿದ ಒಂದು ಮೆಟ್ಟಿಲಬಾವಿ ಇತ್ತು. ಉರ್ದುವಿನಲ್ಲಿ ಅದಕ್ಕೆ ಬಾವ್ಲಿ ಅನ್ನುತ್ತಾರೆ. ಬಾವ್ಲಿ ಅಂದರೆ ಹುಚ್ಚಿ ಎಂಬ ಅರ್ಥವೂ ಉಂಟು. ಬಸಲಿಂಗಪ್ಪ ಆ ಮಾತನ್ನು ಓಣಿಯ ಬೈಗುಳದಲ್ಲಿ ಮಾತ್ರ ಕೇಳಿದವನು. "ನಿಮ್ಮೂರ ಹುಚ್ಚಿಯನ್ನು ಬೇಸಿಗೆಯೊಳಗೆ ಸ್ವಚ್ಛ ಮಾಡಿಸಿ, ಸುತ್ತಲೂ ಗೋಡೆ ಕಟ್ಟಿಸತಕ್ಕದ್ದು" ಎಂದು ಬರೆದು ಕಳಿಸಿಬಿಟ್ಟ.

ಊರಿನ ಹಿರಿಯರು ಗಾಡಿ ಕಟ್ಟಿಕೊಂಡು ಬಂದರು. ಮುಖದಲ್ಲಿ ನೆತ್ತರಿರಲಿಲ್ಲ.

"ನಮ್ಮೂರಾಗ ಹುಚ್ಚರು ಯಾರೂ ಇಲ್ರಿ. ಒಬ್ಬಾಕಿ ಮುದುಕಿ ತನ್ನಷ್ಟಕ್ಕ ತಾ ಮಾತಾಡ್ತಾಳ, ಅದು ಗಂಡ ಸತ್ತ ಮ್ಯಾಲ ಹತ್ತಿದ ಚಟ. ಆಕಿಗೆ ಗ್ವಾಡಿ ಕಟ್ಟಬ್ಯಾಡ್ರಿ. ಆಕಿ ಯಾರಿಗೂ ಏನೂ ಮಾಡಾಂಗಿಲ್ರಿ."

ಆ ಮುದುಕಿಯನ್ನು ಎರಡು ದಿನದಿಂದ ಯಾರದೋ ಹಗೆಯಲ್ಲಿ, ಜೋಳ ತುಂಬುವ ನೆಲದೊಳಗಿನ ಕುಣಿಯಲ್ಲಿ ಅಡಗಿಸಿ, ಅಲ್ಲಿಗೇ ರೊಟ್ಟಿ ಕೊಡುತ್ತಿದ್ದರಂತೆ. ಮೂಲ ತೆಗೆಸಿ ನೋಡಿ ತಪ್ಪು ತಿಳಿಸಿದಾಗ ಹಿರಿಯರು ಎಷ್ಟು ನಕ್ಕರೆಂದರೆ ಒಬ್ಬರ ರುಮಾಲು ಬಿಚ್ಚಿ ಕೆಳಗೆ ಬಿತ್ತು. ಬಸಲಿಂಗಪ್ಪ ಮಾತ್ರ ಅಂದು ಊಟ ಮಾಡಲಿಲ್ಲ. ನಾನು ಅವನಿಗೆ ಹೇಳಿದೆ: ಬರೆದ ಮೇಲೆ ಒಮ್ಮೆ ಆ ಊರಿನವನಾಗಿ ಓದಿಕೋ. ಅವರ ಮನೆಯಲ್ಲಿ ಆ ಮಾತು ಏನಾಗುತ್ತದೆ ಎಂದು ಯೋಚಿಸು. ಅವನು ಮುಂದೆ ಒಳ್ಳೆಯ ಗುಮಾಸ್ತನಾದ.

ಇನ್ನು ಕೊಪ್ಪಳದ ಮಾತು. ಇದನ್ನು ಹೇಳಲೆಂದೇ ಉಳಿದದ್ದನ್ನೆಲ್ಲ ಹೇಳಿದೆ.

ನಾಲ್ವತ್ತರ ದಶಕದ ನಡುವಿನ ಮಾತು. ಹೊಳೆಗೆ ಅಡ್ಡಲಾಗಿ ದೊಡ್ಡ ಒಡ್ಡು ಹಾಕುತ್ತಾರೆ, ಸೀಮೆಗೆಲ್ಲ ನೀರು ಬರುತ್ತದೆ ಎಂದು ಸುದ್ದಿ ಇತ್ತು. ನನ್ನ ಮೇಲಿದ್ದವರು ಪೇಶ್ಕಾರ ರಹೀಮ್ ಸಾಹೇಬರು. ಕಾಗದಪತ್ರ ಒಪ್ಪಿಸುವ ಹಿರಿಯ ಗುಮಾಸ್ತರು, ಬಿಳಿ ಗಡ್ಡ, ಮಾತು ಕಡಿಮೆ. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ನೀಲವ್ವ ಎಂಬ ಹೆಣ್ಣುಮಗಳು ಬಂದಳು. ಹೊಳೆಯಿಂದ ಸ್ವಲ್ಪ ಮೇಲಕ್ಕಿರುವ ಒಂದು ಊರಿನವಳು. ಗಂಡ ತೀರಿಕೊಂಡು, ಮಗನನ್ನು ಕಟ್ಟಿಕೊಂಡು ಒಕ್ಕಲುತನ ಮಾಡುತ್ತಿದ್ದಳು. ಕಚೇರಿಗೆ ಹೆಂಗಸರು ಬರುವುದೇ ಅಪರೂಪ, ಬಂದರೂ ಬಾಗಿಲ ಹೊರಗೆ ನಿಲ್ಲುವರು. ಈಕೆ ಒಳಗೆ ಬಂದು, ಸೆರಗು ಸರಿಮಾಡಿಕೊಂಡು, ನನ್ನ ಮೇಜಿನ ಮುಂದೆ ನೆಲದ ಮೇಲೆ ಕೂತಳು.

"ಗುಮಾಸ್ತರ, ನಮ್ಮೂರಿಗೆ ಸೀನೀರ ಬಾವಿ ತೋಡ್ತೀವಿ ಅಂತ ಬಂದು ಜಾಗಾ ನೋಡಿ ಹೋಗಿದ್ರಿ. ಆಜೂಬಾಜೂ ಊರಿಗೆಲ್ಲಾ ಆದೂವು. ನಮ್ಮದು ಯಾಕ ನಿಂತೈತಿ?"

ತೆಗೆದು ನೋಡಿದೆ. ಮೂರು ಉರ್ದು ಪದ: ಜೇರೆ ಗೌರ್ ಹೈ.

"ವಿಚಾರ ಮಾಡಾಕತ್ತಾರವ್ವಾ" ಅಂದೆ.

"ನೀರಿಲ್ಲಾ ಅನ್ನೂದಕ್ಕ ಅದೇನ್ ವಿಚಾರ ಮಾಡ್ತಾರ್ರಿ? ಹೊಳೀತನಾ ಹೋಗಿ ಕೊಡ ಹೊತ್ತು ಬಸುರಿ ಹೆಣ್ಮಕ್ಕಳು ಬೀಳಾಕತ್ಯಾರ. ಬಂದು ಅವರನ್ನ ನೋಡಿ ವಿಚಾರ ಮಾಡ್ರಿ ಅನ್ರಿ."

ಆಕೆ ಹೋದ ಮೇಲೆ ಪೇಶ್ಕಾರರನ್ನು ಕೇಳಿದೆ. ಅವರು ಲೇಖನಿ ಕೆಳಗಿಟ್ಟರು.

"ಶಂಕ್ರಪ್ಪ, ಆ ಊರಿಗೆ ಬಾವಿ ಯಾಕ? ಒಡ್ಡು ಕಟ್ಟಿದ್ರ ಹೊಳಿ ತಾನಾ ಅವರ ಬಾಗಲಕ್ಕ ಬರ್ತೈತಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲಿಗೆ ಬಂದು ನಿಲ್ಲುವ ನೀರಲ್ಲ ಅದು. ಬಾಗಿಲು ಮುಳುಗಿಸುವ ನೀರು. ಮೇಲಿನವರ ಅಪ್ಪಣೆ ಆಗುವವರೆಗೆ ಯಾರೂ ಬಾಯಿ ಬಿಡಕೂಡದು ಎಂದು ಹುಕುಂ ಇತ್ತು. ಸುದ್ದಿ ಹೊರಬಿದ್ದರೆ ಜನ ಹೊಲ ಬೀಳು ಬಿಡುತ್ತಾರೆ, ದಲ್ಲಾಳಿಗಳು ಬಂದು ಹೆದರಿಸಿ ಭೂಮಿ ಬರೆಸಿಕೊಳ್ಳುತ್ತಾರೆ ಎಂಬುದು ಅದರ ಕಾರಣ. ಕಾರಣ ಸುಳ್ಳಲ್ಲ. ಆದರೆ ನೀಲವ್ವನ ಮುಖ ನೋಡುವುದು ನನಗೆ ಕಷ್ಟವಾಯಿತು.

ಮಳೆಗಾಲ ಕಳೆದ ಮೇಲೆ ಮತ್ತೆ ಬಂದಳು. ಈ ಸಲ ಖುಷಿಯಲ್ಲಿದ್ದಳು. ಮಗನಿಗೆ ಹೆಣ್ಣು ಗೊತ್ತಾಗಿತ್ತು. ಬೀಗರು ಬರುವುದರೊಳಗೆ ಹೊಸ ಮನೆ ಕಟ್ಟಬೇಕೆಂದು ಊರ ಕೆಳಗಿನ ಬಯಲಲ್ಲಿ ಬುನಾದಿ ಹಾಕಿಸಿದ್ದಳು. ದನಕ್ಕೆ ದೊಡ್ಡ ಅಂಕಣ, ಮುಂದೆ ಪಡಸಾಲಿ, ಸೊಸಿಗೆ ಬೆಳಕಿನ ಅಡುಗಿಮನಿ. ಕೈಯಿಂದ ಗಾಳಿಯಲ್ಲಿ ಗೆರೆ ಎಳೆದು ಎಳೆದು ತೋರಿಸಿದಳು. ನಾನು ಹೂಂ ಹೂಂ ಅಂದೆ. ಬಾವಿಯ ಮಾತು ಬಂದಾಗ ಮತ್ತೆ ಅದೇ ಜೇರೆ ಗೌರ್ ಹೇಳಿದೆ. ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ, "ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದಳು.

ಮೂರನೆಯ ಸಲ ಬಂದಾಗ ಅವಳು ಕೂಡಲಿಲ್ಲ.

"ಗುಮಾಸ್ತರ, ನಮ್ಮ ಹೊಲದಾಗ ಸರ್ಕಾರದವರು ಸುಣ್ಣಾ ಹಚ್ಚಿದ ಕಲ್ಲು ನೆಟ್ಟು ಹೋಗ್ಯಾರ. ಏನ್ರಿ ಇದು ಅಂತ ಕೇಳಿದ್ರ, ನಿನಗ್ಯಾಕ ಬೇಕು ಅಂದ್ರು. ಗುಡ್ಡದ ಮಗ್ಗಲ ಹಿಡಕೊಂಡು ಹೋಗ್ಯಾವ ಆ ಕಲ್ಲು. ಬಾವಿ ಮಂಜೂರಾದ ಊರು ಕಲ್ಲಿನ ಮ್ಯಾಲ ಅದಾವ. ಆಗಲಾರದ ಊರು ಕೆಳಗ ಅದಾವ. ನಾ ತಿರುಗ್ಯಾಡಿ ನೋಡಿ ಬಂದೀನಿ."

ನಾನು ಮುಂದಿದ್ದ ಕಡತದ ದಾರ ಬಿಗಿಯತೊಡಗಿದೆ.

"ನೀವು ಹೂಂ ಅನಬ್ಯಾಡ್ರಿ, ಉಹೂಂ ಅನಬ್ಯಾಡ್ರಿ. ನಿಮ್ಮ ಅನ್ನಕ್ಕ ನಾ ಕಲ್ಲು ಹಾಕಾಂಗಿಲ್ಲ. ಗ್ವಾಡಿ ಎದಿಮಟ ಎದ್ದಾವ. ಮನಿ ಕೆಲಸ ನಿಲ್ಲಸಲೇನು? ಅಷ್ಟ ಹೇಳ್ರಿ."

ಕಚೇರಿಯಲ್ಲಿ ಬೇರೆಯವರೂ ಇದ್ದರು. ಮೇಲಿನ ಪಂಖದ ಹಗ್ಗ ಎಳೆಯುವವನು ಎಳೆಯುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

"ನಿಲ್ಲಸವ್ವಾ" ಅಂದೆ.

ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ನಡೆದಳು. ಕಣ್ಣಲ್ಲಿ ನೀರು ಇರಲಿಲ್ಲ. ಬಾಗಿಲಲ್ಲಿ ನಿಂತು, "ನಿಮ್ಮ ಹೊಟ್ಟಿ ತಣ್ಣಗಿರಲಿ" ಎಂದು ಹೇಳಿ ಹೋದಳು. ಆ ಹರಕೆ ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದೆಂದು ಪೇಶ್ಕಾರರ ಮುಂದೆ ನಿಂತೆ. ನಡೆದದ್ದು ಹೇಳಿದೆ. ಸಾಹೇಬರ ಮುಖ ಕೆಂಪಾಯಿತು.

"ನಿನ್ನ ನೌಕರಿ ಹೋದ್ರ ನಾ ಉಳಸಾಕ ಆಗಾಂಗಿಲ್ಲ, ತಿಳೀತಾ?"

"ತಿಳಿದೈತ್ರಿ."

"ಮತ್ತ್ಯಾಕ ಹೇಳಿದಿ?"

"ಗ್ವಾಡಿ ಎದಿಮಟ ಎದ್ದಾವಂತ್ರಿ, ಸಾಹೇಬ್ರ."

ಸಾಹೇಬರು ನಮಾಜಿಗೆ ಎದ್ದು ಹೋದರು. ತಿರುಗಿ ಬಂದು ನನ್ನನ್ನು ಕರೆದರು.

"ಒಬ್ಬಾಕಿಗಷ್ಟ ಹೇಳಿದ್ರ ಆಕಿ ರೊಕ್ಕ ಉಳೀತು. ಆಕಿ ಮಗ್ಗಲದಾಕಿದು? ಈಗ ಊರಾಗ ಗುಸುಗುಸು ಶುರು ಆಗ್ತೈತಿ, ದಲ್ಲಾಳಿಗಳು ಬಂದ ಬರ್ತಾರ. ನಾವ ಹೋಗಿ ಊರಿಗೆಲ್ಲಾ ಬಯಲಾಗ ನಿಂತು ಹೇಳಬೇಕು. ಅವರಿಂದ ಅರ್ಜಿ ಬರಸಿ ತಾ. ಬಾವಿ ಯಾಕ ನಿಂತೈತಿ ಅಂತ ಕೇಳೂದು ಬ್ಯಾಡ. ನೀರು ಎಲ್ಲಿತನ ಬರ್ತೈತಿ ಅಂತ ಕೇಳ್ರಿ ಅನ್ನು. ಇಡೀ ಊರು ಹೆಬ್ಬಟ್ಟು ಒತ್ತಲಿ. ಮುಂದಿಂದು ನಾ ನೋಡ್ಕೋತೀನಿ."

ಅರ್ಜಿ ಬಂತು. ಸಾಹೇಬರು ಅದರ ಮೇಲೆ ತಮ್ಮ ಕೈಯಾರೆ ಒಕ್ಕಣೆ ಬರೆದು ಮೇಲಕ್ಕೆ ಕಳಿಸಿದರು. ಏನು ಬರೆದರೋ ನನಗೆ ತೋರಿಸಲಿಲ್ಲ. ಮೇಲಿನಿಂದ ಒಪ್ಪಿಗೆಯೂ ಬರಲಿಲ್ಲ, ನಿರಾಕರಣೆಯೂ ಬರಲಿಲ್ಲ. ಬಹಳ ಕಾದು, "ಬ್ಯಾಡ ಅಂದಿಲ್ಲಲ್ಲ" ಎಂದು ಸಾಹೇಬರೇ ಹೊರಟು ನಿಂತರು. ಸರ್ವೇ ಕೆಲಸದಲ್ಲಿದ್ದ ರಾಮುಲು ಎಂಬ ತೆಲುಗು ಹುಡುಗನನ್ನು ಜೊತೆಗೆ ಕರೆದುಕೊಂಡರು. ಅವನ ಹತ್ತಿರ ಮೂರು ಕಾಲಿನ ದುರ್ಬೀನು, ಉದ್ದನೆಯ ಅಳತೆ ಕೋಲು ಇದ್ದವು.

ಹಳ್ಳಿಗೆ ಹೋದಾಗ ಊರಿಗೂರೇ ಕಾದಿತ್ತು. ಸಾಹೇಬರು ಚಾವಡಿ ಕಟ್ಟೆಯ ಮೇಲೆ ನಿಂತು ನನಗೆ, "ನೀ ಹೇಳು" ಅಂದರು. ನಾನು ಕನ್ನಡದಲ್ಲಿ, ಒಂದು ಮಾತೂ ಬಿಡದೆ, ಒಡ್ಡು ಎಲ್ಲಿ ಕಟ್ಟುತ್ತಾರೆ, ನೀರು ತುಂಬಲು ಇನ್ನೂ ವರ್ಷಗಳಿವೆ, ತುಂಬಿದರೆ ಈ ಊರು ಮುಳುಗುತ್ತದೆ ಎಂದು ಹೇಳಿದೆ. ಒಬ್ಬ ಮುದುಕ, "ಎಲ್ಲಿತನ?" ಎಂದ.

"ನಡೀರಿ, ತೋರಸ್ತೀವಿ" ಅಂದರು ಸಾಹೇಬರು.

ಸುಣ್ಣದ ಕಲ್ಲಿನಿಂದ ಶುರು ಮಾಡಿದೆವು. ರಾಮುಲು ದುರ್ಬೀನಿನಲ್ಲಿ ನೋಡಿ ಕೂಗಿ ಹೇಳುತ್ತಿದ್ದ, ಕೋಲು ಹಿಡಿದವನು ನೀರು ನಿಲ್ಲುವ ಎತ್ತರಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಹೀಗೆ ಮನೆಯಿಂದ ಮನೆಗೆ ಹೋದೆವು. ಊರು ನಮ್ಮ ಹಿಂದೆ ಬಂತು. ಒಂದು ಅಂಗಳದಲ್ಲಿ ಕೆಂಪು ಬಟ್ಟೆ ಮೊಳಕಾಲಿಗೆ ಬಂತು. ಇನ್ನೊಂದರಲ್ಲಿ ಎದೆಗೆ. ಹನುಮಪ್ಪನ ಗುಡಿಯಲ್ಲಿ ಗರುಡಗಂಬದ ಅರ್ಧಕ್ಕೆ. ಅಲ್ಲಿ ಹೆಂಗಸರು ಮೊದಲ ಸಲ ಅತ್ತರು. ಊರ ಮೇಲ್ತುದಿಯ ಮನೆಗಳಲ್ಲಿ ಮಾತ್ರ ರಾಮುಲು ಕೈ ಅಲ್ಲಾಡಿಸಿದ. ಇಲ್ಲಿಗೆ ನೀರು ಬರುವುದಿಲ್ಲ. ನಾನು ಅಲ್ಲಿ ಸಂತೋಷ ನೋಡುತ್ತೇನೆ ಅಂದುಕೊಂಡಿದ್ದೆ. ಚಾವಡಿಯಲ್ಲಿ ಕೇಳಿದ ಮುದುಕನ ಮನೆ ಅಲ್ಲೇ ಇತ್ತು. ಅವನು ನನ್ನ ಕೈ ಹಿಡಿದುಕೊಂಡ.

"ನಮ್ಮನ್ಯಾಕ ಬಿಟ್ರಿ? ಊರೆಲ್ಲಾ ಎದ್ದು ಹೋದ್ರ ನಾವಿಲ್ಲಿ ಯಾರ ಜೋಡಿ ಇರೂದು?"

ಸಾಹೇಬರು ಅಲ್ಲಿಯೇ ನಿಂತು ನನ್ನಿಂದ ಆ ಪ್ರಶ್ನೆ ಬರೆಸಿಕೊಂಡರು. ಯಾರ ಮನಸ್ಸಿಗೂ ಹೊಳೆಯದ ಪ್ರಶ್ನೆ ಅದು.

ಕೊನೆಗೆ ನೀಲವ್ವನ ಹೊಸ ಮನೆಯ ಬುನಾದಿಗೆ ಬಂದೆವು. ಅರ್ಧ ಎದ್ದ ಗೋಡೆಗಳ ನಡುವೆ ಕೋಲು ನಿಲ್ಲಿಸಿದರು. ಕೋಲು ಸಾಲಲಿಲ್ಲ. ರಾಮುಲು ಬಟ್ಟೆಯನ್ನು ಕೋಲಿನ ತುದಿಗೆ ಕಟ್ಟಿಸಿ, "ಇನ್ನೂ ಪೈಕಿ" ಎಂದು ತೆಲುಗಿನಲ್ಲಿ, ಇನ್ನೂ ಮೇಲಕ್ಕೆ ಎನ್ನುತ್ತ ಬೆರಳು ಆಕಾಶದ ಕಡೆ ತೋರಿಸಿದ. ನೀಲವ್ವ ತಲೆ ಎತ್ತಿ ನೋಡಿದಳು. ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ. ಮಗ ಬಂದು ಮಗ್ಗುಲಲ್ಲಿ ನಿಂತ. ಅವಳು ಅವನ ಭುಜ ಹಿಡಿದು, ನೆಲದಿಂದ ಕೋಲಿನ ತುದಿಯವರೆಗೆ ಮತ್ತೊಮ್ಮೆ ಕಣ್ಣಾಡಿಸಿ, ಪೇಶ್ಕಾರರ ಕಡೆ ತಿರುಗಿದಳು.

"ಆತ್ರಿ. ಗೊತ್ತಾತು. ಈಗ ಹೊಸಾ ಊರು ಎಲ್ಲಿ ಕೊಡ್ತೀರಿ ಹೇಳ್ರಿ. ಜಾಗಾ ನಾವು ನೋಡಿ ಒಪ್ಪಬೇಕು. ಬಾವಿ ತೋಡಿ ನೀರು ಬಿದ್ದ ಮ್ಯಾಲನ ನಾವು ಏಳ್ತೀವಿ. ಮ್ಯಾಲಿನ ಓಣಿಯವರನ್ನೂ ನಮ್ಮ ಜೋಡಿ ಕಳಸ್ರಿ. ಇದಕ್ಕೂ ಅರ್ಜಿ ಬೇಕೇನು?"

"ಬೇಕವ್ವಾ" ಅಂದರು ಸಾಹೇಬರು.

"ಬರಕೋರಿ ಮತ್ತ" ಎಂದು ಅವಳು ಗೋಡೆಯ ಮೇಲೆ ಕೂತಳು. ನಾನು ಅಲ್ಲೇ ಬರೆದೆ.

ಈ ಸುತ್ತಾಟಕ್ಕೆ ಪೇಶ್ಕಾರರಿಂದ ಮೇಲಿನವರು ಕೈಫಿಯತ್ತು ಕೇಳಿದರು. ಅವರು ಕೊಟ್ಟ ಸಮಜಾಯಿಷಿ ಒಂದೇ ಸಾಲು: ಜನ ಕೇಳಿದರು, ಹೇಳಿದೆವು. ಅದಕ್ಕೆ ಜವಾಬು ಬರಲಿಲ್ಲ. ಕೆಲವು ತಿಂಗಳಿಗೆ ಅವರಿಗೆ ದೂರದ ಊರಿಗೆ ವರ್ಗವಾಯಿತು. ಸಂಬಂಧ ಇತ್ತೋ ಇಲ್ಲವೋ ನಾನು ಹೇಳಲಾರೆ. ಹೋಗುವ ದಿನ ನನಗೆ ತಮ್ಮ ಮಸಿಕುಡಿಕೆ ಕೊಟ್ಟು, "ಓದಿ ಹೇಳೂದು ಬಿಡಬ್ಯಾಡ" ಅಂದರು. ಮತ್ತೆ ಅವರನ್ನು ನೋಡಲಿಲ್ಲ.

ಆಮೇಲೆ ರಾಜ್ಯವೇ ಬದಲಾಯಿತು. ಕಚೇರಿಗೆ ನಿಧಾನಕ್ಕೆ ಕನ್ನಡ ಬಂತು. ಹೊಸ ಊರಿಗೆ ಜಾಗ ಗೊತ್ತಾಯಿತು. ಜಾಗ ನೋಡಲು ನೀಲವ್ವ ಊರ ಹೆಂಗಸರನ್ನೂ ಕರೆದುಕೊಂಡು ಹೋಗಿ, ಮೊದಲು ತೋರಿಸಿದ ಮರಡಿ ದಿಬ್ಬವನ್ನು ಬೇಡವೆಂದು ಬಿಟ್ಟು, ಎರಡನೆಯದನ್ನು ಒಪ್ಪಿದಳು. ಮೇಲಿನ ಓಣಿಯವರಿಗೂ ಅಲ್ಲಿ ಜಾಗ ಸಿಕ್ಕಿತು.

ಅಷ್ಟರಲ್ಲಿ ಸುದ್ದಿ ಹಬ್ಬಿ ಸುತ್ತಣ ಊರಿನವರೆಲ್ಲ ನಮ್ಮ ಕಚೇರಿಗೆ ಬರತೊಡಗಿದ್ದರು. ನಮ್ಮೂರಾಗೂ ಕೋಲು ಹಿಡಿದು ತೋರಸ್ರಿ, ಅನ್ನುವರು. ನಾನೂ ರಾಮುಲೂ ಊರೂರು ಅಲೆದೆವು. ಅಂಥ ಒಂದು ಊರಿನಲ್ಲಿ ಹೆಂಗಸರು ಬಾಗಿಲು ಹಾಕಿಕೊಂಡು ಒಳಗೆ ಕೂತರು. ಕೋಲು ಅಂಗಳಕ್ಕೆ ಬಂದರೆ ಮನೆ ಹೋಗುತ್ತದೆ ಎಂದು ಯಾರೋ ಹೆದರಿಸಿದ್ದರು. ಏನು ಮಾಡುವುದೆಂದು ತಿಳಿಯದೆ ನೀಲವ್ವನಿಗೆ ಹೇಳಿಕಳಿಸಿದೆ. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಡೆದೇ ಬಂದಳು.

ಬಂದವಳೇ ಕೋಲು ತಾನು ಹಿಡಿದುಕೊಂಡು ಮೊದಲನೆಯ ಬಾಗಿಲು ಬಡಿದಳು.

"ಬಾಗಲಾ ತೆಗೀರಿ, ತಂಗಿ. ಕೋಲು ಮನಿ ಒಯ್ಯಾಂಗಿಲ್ಲ. ನೀರು ಎಲ್ಲಿತನ ಬರ್ತೈತಿ ಅಂತ ಹೇಳ್ತೈತಿ ಅಷ್ಟ. ಗೊತ್ತಾದ್ರ ಮುಂದಿನ ಮಾತು ಕೇಳಾಕ ಬರ್ತೈತಿ. ಗೊತ್ತಿರಲಾರದ ಕುಂತ್ರ ಯಾರೋ ಬಂದು ಗಂಟು ಎತ್ತು ಅಂತಾರ, ಎತ್ತಬೇಕಾಗ್ತೈತಿ."

ಬಾಗಿಲು ತೆಗೆಯಿತು. ಒಳಗಿನಿಂದ ಒಬ್ಬ ಮುದುಕಿ ಹೊರಗೆ ಬಂದು ಇವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂದ್ಯಾ ಊರವ್ವಾ?"

ನೀಲವ್ವ ಹಳೆಯ ಊರಿನ ಹೆಸರು ಹೇಳಲು ಬಾಯಿ ತೆರೆದವಳು ತಡೆದಳು.

"ನಮ್ಮೂರಿಗೆ ಇನ್ನಾ ಹೆಸರಿಟ್ಟಿಲ್ಲ, ಯವ್ವಾ" ಅಂದಳು. ಅಂದು, ಕೋಲನ್ನು ಅವರ ಅಂಗಳದ ನಡುವೆ ನೆಟ್ಟಗೆ ನಿಲ್ಲಿಸಿ, ರಾಮುಲುವಿನ ಕೂಗಿಗೆ ಕಿವಿಗೊಟ್ಟು ನಿಂತಳು.